ರೂಪಾಂತರ ನಾಟಕಗಳಲ್ಲಿ ಮಾತಿನ ಗತಿ

ಕಾಳಿದಾಸ, ಶೂದ್ರಕ, ಷೇಕ್ಸ್‌ಪಿಯರ್ ಮೊದಲಾದವರ ನಾಟಕಗಳು ನಮ್ಮ ರಂಗಭೂಮಿಗೂ ಚಲನಚಿತ್ರಕ್ಕೂ ರೂಪಾಂತರಗೊಂಡು ಬರುತ್ತಿರುವುದು ಸರ್ವವಿದಿತವಾದ ಸಂಗತಿ. ಇಂತಹ ರೂಪಾಂತರಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಎತ್ತುತ್ತಾರೆ. ಕಥೆ ಮೂಲಕ್ಕೆ ನಿಷ್ಠವಾಗಿದೆಯೆ ಎಂಬುದು ಒಂದು. ವೇಷಭೂಷಣಾದಿಗಳು ನಮ್ಮ ನೆಲಕ್ಕೆ ಒಪ್ಪುತ್ತವೆಯೆ ಎಂಬುದು ಇನ್ನೊಂದು. ಇವೆರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದು ಉಳಿದುಹೋಗುತ್ತದೆ: ಪಾತ್ರಗಳ ಮಾತು ಏನಾಯಿತು? ಕಥೆ ಹೇಗೂ ಗಡಿ ದಾಟುತ್ತದೆ. ಹೊಟ್ಟೆಕಿಚ್ಚು, ರಾಜ್ಯಲೋಭ, ವಿರಹ ಇವು ಎಲ್ಲ ದೇಶದಲ್ಲಿಯೂ ಇವೆ. ವೇಷವನ್ನಂತೂ ದರ್ಜಿಯೇ ದಾಟಿಸಬಲ್ಲ. ಮಾತು ಮಾತ್ರ ಹಾಗೆ ಸುಲಭವಾಗಿ ದಾಟುವ ವಸ್ತುವಲ್ಲ. ಪ್ರಕೃತ ಲೇಖನದಲ್ಲಿ ಈ ಮೂರನೆಯ ಪ್ರಶ್ನೆಯನ್ನಷ್ಟೇ ಹಿಡಿದು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಈ ಸೀಮೆಯಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ ಎಂಬುದನ್ನು ವಿಚಾರಿಸಿದ್ದೇನೆ.

ವೇಷಕ್ಕೂ ಮಾತಿಗೂ ಇರುವ ಸಂಬಂಧದ ಚರ್ಚೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೇಷ ಕಟ್ಟುವುದನ್ನೇ ಕಾಯಕವಾಗಿ ಮಾಡಿಕೊಂಡವರಿದ್ದರು. ಬಹುರೂಪಿ ಚೌಡಯ್ಯ, ನಗೆಮಾರಿತಂದೆ, ಕಲಕೇತಯ್ಯ ಇವರ ಹೆಸರುಗಳನ್ನು ನೆನೆದರೆ ಸಾಕು. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ಬರೆದ ಚೌಡಯ್ಯನು ತನ್ನ ಆಟದ ಪರಿಕರಗಳನ್ನೇ ಅನುಭಾವದ ಮಾತಿಗೆ ಸಾಮಗ್ರಿಯಾಗಿ ಮಾಡಿಕೊಂಡವನು. ವೇಷ ಮೈಮೇಲೆ ಇರುತ್ತದೆ, ಅದನ್ನು ತೊಟ್ಟವನು ಯಾರೆಂಬುದು ಅವನ ನುಡಿಯಿಂದಲೇ ತಿಳಿಯುತ್ತದೆ ಎಂಬ ಅರಿವು ಆ ಕಾಲದ ಆಟಗಾರನಿಗೆ ಇತ್ತು. ಇದೇ ಅರಿವು ನಮ್ಮ ಇಂದಿನ ರೂಪಾಂತರಕಾರರಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದು ಮುಂದಿನ ವಿಚಾರ.

ಕನ್ನಡದಲ್ಲಿ ಶಾಕುಂತಲದ ಎರಡು ಆದ್ಯ ರೂಪಾಂತರಗಳನ್ನು ಜೊತೆಯಾಗಿಟ್ಟು ಓದಿದರೆ ಮಾತಿನ ಸಮಸ್ಯೆ ಬೇಗನೆ ಮನದಟ್ಟಾಗುತ್ತದೆ. ಧಾರವಾಡದ ಕಡೆಯ ಚುರಮುರಿ ಶೇಷಗಿರಿರಾಯರ ಶಾಕುಂತಲ 1870ರ ಸುಮಾರಿಗೆ ಬಂದದ್ದು. ಮೈಸೂರು ಆಸ್ಥಾನದ ಬಸವಪ್ಪಶಾಸ್ತ್ರಿಗಳ ಕರ್ಣಾಟಕ ಶಾಕುಂತಲ ಅರಮನೆಯ ನಾಟಕಸಭೆಯ ಪ್ರಯೋಗಕ್ಕಾಗಿ 1880ರ ದಶಕದ ಆದಿಯಲ್ಲಿ ಸಿದ್ಧವಾದದ್ದು. ವೀರಶೈವ ವಿದ್ವಾಂಸರಾದ ಶಾಸ್ತ್ರಿಗಳು (1843–1891) ‘ಅಭಿನವ ಕಾಳಿದಾಸ’ರೆಂದು ಖ್ಯಾತರಾದದ್ದು ಈ ಕೃತಿಯಿಂದಲೇ. ಅವರ ಕಂದ ವೃತ್ತಗಳ ನಾದ, ಹಾಡುಗಳ ಮಾಧುರ್ಯ ಇವನ್ನು ಎಷ್ಟು ಹೊಗಳಿದರೂ ಕಡಮೆಯೇ. ಆದರೆ ಸಂಸ್ಕೃತ ಮೂಲದಲ್ಲಿ ರಾಜನು ಸಂಸ್ಕೃತವನ್ನೂ ಶಕುಂತಲೆ, ವಿದೂಷಕ, ಬೆಸ್ತ ಮುಂತಾದವರು ಪ್ರಾಕೃತಗಳನ್ನೂ ಆಡುತ್ತಾರೆ. ಈ ಶ್ರೇಣಿಯನ್ನು ಕನ್ನಡದಲ್ಲಿ ಉಳಿಸುವ ಯತ್ನ ಮಾಡಿದವರು ಚುರಮುರಿಯವರು. ಅವರ ಸಾಮಾನ್ಯ ಪಾತ್ರಗಳ ಬಾಯಲ್ಲಿ ಧಾರವಾಡದ ಆಡುನುಡಿ ನಲಿದಾಡುತ್ತದೆ. ವಿದ್ವತ್ತಿನಲ್ಲಿ ಶಾಸ್ತ್ರಿಗಳು ಮೇಲು. ಮಾತಿನ ಮೆಟ್ಟಿಲುಗಳನ್ನು ಗುರುತಿಸಿದ್ದರಲ್ಲಿ ಚುರಮುರಿಯವರು ಮೇಲು. ನಮ್ಮವರೆಂಬ ಅಭಿಮಾನದಿಂದ ಶಾಸ್ತ್ರಿಗಳ ಪಕ್ಷವನ್ನೇ ವಹಿಸಬೇಕಾದ ಅಗತ್ಯ ಇಲ್ಲಿಲ್ಲ. ಒಥೆಲೊವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಅವರು ಇಂಗ್ಲಿಷನ್ನು ಬಲ್ಲವರಲ್ಲ, ಸಿ. ಸುಬ್ಬರಾಯರು ಗದ್ಯದಲ್ಲಿ ತಿಳಿಸಿದ ಕಥೆಯನ್ನು ತಮ್ಮ ಕಾವ್ಯಶಕ್ತಿಯಿಂದ ಬೆಳಗಿಸಿದರು. ಕಥೆ ಒಬ್ಬರಿಂದ, ಮಾತು ಇನ್ನೊಬ್ಬರಿಂದ. ಈ ಕ್ರಮ ನಮ್ಮ ಕರಾವಳಿಯವರಿಗೆ ಬಹಳ ಪರಿಚಿತವಾದುದು.

ಹೇಗೆಂದರೆ, ಬಡಗುತಿಟ್ಟಿನ ಯಕ್ಷಗಾನವೇ ಒಂದು ನಿತ್ಯ ರೂಪಾಂತರ. ಪ್ರಸಂಗಕರ್ತನು ಮಹಾಭಾರತದಿಂದಲೋ ರಾಮಾಯಣದಿಂದಲೋ ಕಥೆಯನ್ನೆತ್ತಿಕೊಂಡು ಪದ್ಯಗಳನ್ನು ಕಟ್ಟಿಡುತ್ತಾನೆ. ಭಾಗವತನು ಅವನ್ನು ಹಾಡುತ್ತಾನೆ. ಪದ್ಯ ಮುಗಿದೊಡನೆ ವೇಷಧಾರಿಯು ಅದರ ಅರ್ಥವನ್ನು ತನ್ನ ಮಾತಿನಲ್ಲಿ, ಆ ಕ್ಷಣದಲ್ಲಿ, ಯಾವ ಬರಹದ ಆಸರೆಯೂ ಇಲ್ಲದೆ ಬೆಳೆಸುತ್ತಾನೆ. ಪದ್ಯ ಸ್ಥಿರ, ಮಾತು ಚರ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಅಮೃತೇಶ್ವರಿ, ಸಾಲಿಗ್ರಾಮ ಮೊದಲಾದ ಮೇಳಗಳ ಆಟಗಳನ್ನು ನೋಡಿ ಬೆಳೆದವನಿಗೆ ಕಥೆ ಏನಾಗುವುದೆಂಬ ಕುತೂಹಲ ಇರುವುದೇ ಇಲ್ಲ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ, ಅದು ಗೊತ್ತಿದ್ದದ್ದೇ. ಇವತ್ತಿನ ಕೌರವ ಕೊಳದಿಂದ ಮೇಲೆ ಬಂದಾಗ ಏನು ಹೇಳುತ್ತಾನೆ, ನಿನ್ನೆಯ ಕೌರವ ಹೇಳದಿದ್ದ ಯಾವ ನ್ಯಾಯವನ್ನು ಎತ್ತುತ್ತಾನೆ ಎಂಬುದಕ್ಕಾಗಿ ಜನ ನಿದ್ದೆಗೆಡುತ್ತಾರೆ. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟ್ಪಾಡಿ ಎಂಬೆರಡು ಗ್ರಾಮಗಳ ಹೆಸರಿನಲ್ಲಿ ಎರಡು ಸಂಪ್ರದಾಯಗಳೇ ಬೆಳೆದುವೆಂದರೆ ಈ ಸೀಮೆಯ ಪ್ರೇಕ್ಷಕರ ಕಣ್ಣು ಕಿವಿಗಳು ಎಷ್ಟು ಚುರುಕಾಗಿದ್ದುವೆಂಬುದನ್ನು ಊಹಿಸಬಹುದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಂಗಸ್ಥಳದಲ್ಲಿ ರಾಜ, ಮಂತ್ರಿ, ಋಷಿ ಇವರ ನುಡಿ ಗ್ರಂಥಸ್ಥ ಕನ್ನಡ. ಅನ್ಯಭಾಷೆಯ ಒಂದು ಪದವೂ ನುಸುಳದಂತೆ ಅವರು ಮಾತನಾಡುತ್ತಾರೆ. ಅದೇ ರಂಗಸ್ಥಳಕ್ಕೆ ದೂತನಾಗಿಯೋ ಬ್ರಾಹ್ಮಣನಾಗಿಯೋ ಅಜ್ಜಿಯಾಗಿಯೋ ಬಂದ ಹಾಸ್ಯಗಾರನು ‘ಹ್ವಾಯ್’ ಎಂದು ಕುಂದಗನ್ನಡದಲ್ಲಿ ಕೂಗಿದರೆ ಯಾರಿಗೂ ಅದು ಅಪಸ್ವರವೆನಿಸುವುದಿಲ್ಲ. ಸಂಸ್ಕೃತ ನಾಟಕದಲ್ಲಿ ಸಂಸ್ಕೃತಕ್ಕೂ ಪ್ರಾಕೃತಕ್ಕೂ ಇದ್ದ ಸಂಬಂಧ ಇಲ್ಲಿ ಇನ್ನೂ ಉಸಿರಾಡುತ್ತಿದೆ. ಪುಸ್ತಕದ ಅನುವಾದಗಳಲ್ಲಿ ನಾವು ಕಳೆದುಕೊಂಡದ್ದನ್ನು ಗದ್ದೆಯ ಬಯಲಿನಲ್ಲಿ ಕಾಪಾಡಿಕೊಂಡಿದ್ದೇವೆ. ನನ್ನ ಅಧ್ಯಾಪನದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಪಠ್ಯದ ನಾಟಕಭಾಗವನ್ನು ಓದೆಂದರೆ ಅಕ್ಷರಅಕ್ಷರಕ್ಕೂ ತಡವರಿಸುವನು. ಊರಿನ ಆಟದಲ್ಲಿ ಕೇಳಿದ ಭೀಮನ ಅರ್ಥವನ್ನು ಹೇಳೆಂದರೆ ಕಾಲು ಗಂಟೆ ನಿಲ್ಲಿಸದೆ ಹೇಳುವನು. ಮರುದಿನ ಕೇಳಿದರೆ ಬೇರೆ ಮಾತುಗಳಲ್ಲಿ ಹೇಳುವನು. ಅವನಿಗೆ ನಾಟಕವೆಂದರೆ ಬಾಯಿಪಾಠವಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ನೋಡೋಣ. 1930ರ ದಶಕದ ಆದಿಯಲ್ಲಿ ರಚಿತವಾದ ಈ ನಾಟಕ ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನ ರೂಪಾಂತರ. ಡೆನ್ಮಾರ್ಕಿನ ಅರಮನೆ ಇಲ್ಲಿ ಬಿದನೂರಿನ ಅರಮನೆಯಾಗಿದೆ. ಮಲೆನಾಡಿನವರಾದ ಕುವೆಂಪು ಬಿದನೂರನ್ನು ಆಯ್ದುಕೊಂಡದ್ದು ಸಹಜ. ನಮ್ಮ ಸೀಮೆಗೂ ಆ ಅರಮನೆ ದೂರದ್ದಲ್ಲ. ಬಾಳೆಬರೆ ಘಾಟಿಯನ್ನು ಹತ್ತಿದರೆ ಬಿದನೂರು, ಇಳಿದರೆ ಕುಂದಾಪುರ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶಿವಪ್ಪನಾಯಕನು ಬಸರೂರು, ಗಂಗೊಳ್ಳಿಗಳಿಂದ ಪೋರ್ಚುಗೀಸರನ್ನು ಹೊರಡಿಸಿದ ಮೇಲೆ ಈ ಕರಾವಳಿಯ ಅಕ್ಕಿ ಮೆಣಸುಗಳ ಸುಂಕ ಸಂದದ್ದು ಆ ವೀರಶೈವ ಅರಸುಮನೆಗೆ. ಬಾರಕೂರು, ಕೊಲ್ಲೂರುಗಳೂ ಅವರ ಆಳ್ವಿಕೆಯಲ್ಲಿದ್ದುವು. ಆದುದರಿಂದ ರಕ್ತಾಕ್ಷಿಯಲ್ಲಿ ಬರುವುದು ನಮ್ಮ ಹಿರಿಯರು ಕಂದಾಯ ಕಟ್ಟಿದ ಅರಮನೆಯ ಕಥೆಯೆಂದರೆ ತಪ್ಪಿಲ್ಲ.

ನಾಟಕದ ಖಳನಾದ ನಿಂಬಯ್ಯನ ಹೆಸರು ಚರಿತ್ರೆಯಿಂದ ಬಂದದ್ದು. 1757ರಿಂದ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಆಳಿದ ರಾಣಿ ವೀರಮ್ಮಾಜಿಯೊಡನೆ ಆ ಹೆಸರನ್ನು ಸೇರಿಸಿ, ಚೆನ್ನಬಸಪ್ಪನಾಯಕನ ಸಾವಿನ ಹೊಣೆಯನ್ನು ಅವರಿಬ್ಬರ ತಲೆಗೆ ಕಟ್ಟುವ ಕಥೆ ಬಹುಕಾಲದಿಂದ ಹಬ್ಬಿದೆ. ಗೆದ್ದವರ ಕಡೆಯವರು ಸೋತವರ ಮನೆಯ ಬಗ್ಗೆ ಬರೆದುದನ್ನು ಹಾಗೆಯೇ ನಂಬಬಾರದೆಂಬ ಎಚ್ಚರ ಇತಿಹಾಸದ ವಿದ್ಯಾರ್ಥಿಗೆ ಇರಬೇಕು. ನಾಟಕಕಾರನಿಗೆ ಆ ಕಟ್ಟು ಇಲ್ಲ ಎಂಬುದು ನಿಜ. ಆದರೂ ಗರ್ಟ್ರೂಡಳಿಗೆ ಷೇಕ್ಸ್‌ಪಿಯರ್ ಬಿಟ್ಟುಕೊಟ್ಟ ಸಂದೇಹದ ಲಾಭವನ್ನು ಬಿದನೂರಿನ ರಾಣಿಗೆ ಕೊಡುವುದು ನಮಗೆ ಏಕೆ ಕಷ್ಟವಾಗುತ್ತದೆ? ಗಂಡನ ಕೊಲೆ ಗರ್ಟ್ರೂಡಳಿಗೆ ಗೊತ್ತಿತ್ತೆ ಇಲ್ಲವೆ ಎಂಬುದನ್ನು ಮೂಲನಾಟಕ ಬಿಡಿಸಿ ಹೇಳುವುದಿಲ್ಲ; ಆ ಮೌನದಲ್ಲಿಯೇ ಆ ಪಾತ್ರದ ಆಳವಿದೆ. ರಕ್ತಾಕ್ಷಿಯನ್ನು ಪ್ರಯೋಗಿಸುವ ನಿರ್ದೇಶಕರು ರಾಣಿಯ ಪಾತ್ರವನ್ನು ಕೇವಲ ಕುಲಟೆಯ ಪಾತ್ರವಾಗಿ ಇಳಿಸಿದರೆ ಅದು ಚರಿತ್ರೆಗೂ ಅಪಚಾರ, ನಾಟಕಕ್ಕೂ ನಷ್ಟ.

ಕುವೆಂಪು ಮಾಡಿದ ಅತ್ಯಂತ ಧೀರವಾದ ಬದಲಾವಣೆ ಬೇರೆಡೆ ಇದೆ. ಮೂಲದ ಒಫೀಲಿಯಾ ತಂದೆಯ ಸಾವಿನಿಂದ ಬುದ್ಧಿಭ್ರಮಣೆಗೊಂಡು ಹೊಳೆಯಲ್ಲಿ ಮುಳುಗುತ್ತಾಳೆ. ಅವಳ ಸ್ಥಾನದಲ್ಲಿ ನಿಂತ ರುದ್ರಾಂಬೆ ಹಾಗೆ ಕರಗಿಹೋಗುವವಳಲ್ಲ. ಅವಳೇ ಸೇಡಿನ ಮೂರ್ತಿಯಾಗಿ, ರಕ್ತಾಕ್ಷಿಯಾಗಿ ಏಳುತ್ತಾಳೆ. ನಾಟಕದ ಹೆಸರು ರಾಜಕುಮಾರನದಲ್ಲ, ಅವಳದು. (ಅರುವತ್ತು ಸಂವತ್ಸರಗಳಲ್ಲಿ ಐವತ್ತೆಂಟನೆಯದು ರಕ್ತಾಕ್ಷಿ, ಈ ಹೆಸರು ಕೇಳಿದ ನಮ್ಮ ಹಿರಿಯರಿಗೆ ಮೊದಲು ಪಂಚಾಂಗವೇ ನೆನಪಾದರೆ ಆಶ್ಚರ್ಯವಿಲ್ಲ.) ಈ ಬದಲಾವಣೆಯನ್ನು ಕೆಲವರು ಮೂಲಕ್ಕೆ ಮಾಡಿದ ದ್ರೋಹವೆಂದು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಶಿವನ ಕೋಪದಿಂದ ವೀರಭದ್ರನು ಹುಟ್ಟಿದ ಕಥೆ ಬಿದನೂರಿನಂತಹ ಅರಮನೆಯಲ್ಲಿ ಪ್ರತಿಯೊಬ್ಬರಿಗೂ ತಿಳಿದಿತ್ತು. ಅನ್ಯಾಯಕ್ಕೆ ಗುರಿಯಾದ ಹೆಣ್ಣಿನ ದುಃಖ ಆ ನೆಲದಲ್ಲಿ ರೌದ್ರವಾಗಿ ತಿರುಗುವುದಕ್ಕೆ ದಕ್ಷಯಜ್ಞದ ದಾಕ್ಷಾಯಣಿಯೇ ಸಾಕ್ಷಿ. ನಮ್ಮ ಬಯಲಾಟದಲ್ಲಿ ದಕ್ಷಯಜ್ಞವನ್ನು ನೋಡಿದವರು, ಹೆತ್ತ ತಂದೆಯ ಸಭೆಯಲ್ಲಿ ನಿಂತು ಆಕೆ ಆಡುವ ಮಾತುಗಳನ್ನು ಕೇಳಿದವರು, ರುದ್ರಾಂಬೆಯನ್ನು ಪರಕೀಯಳೆಂದು ಹೇಳಲಾರರು. ಇಲ್ಲಿ ರೂಪಾಂತರಕಾರನು ಹೊರಗಿನ ವೇಷವನ್ನು ಬದಲಿಸಿ ಸುಮ್ಮನಾಗಿಲ್ಲ. ಪಾತ್ರ ಹೀಗೇಕೆ ಮಾಡುತ್ತದೆ ಎಂಬ ಕಾರಣವನ್ನೇ ಈ ನೆಲದಿಂದ ಎತ್ತಿದ್ದಾನೆ. ಬಿ.ಎಂ.ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕದಲ್ಲಿ ಸೊಫೋಕ್ಲಿಸನ ಅಯಾಸನನ್ನು ಅಶ್ವತ್ಥಾಮನನ್ನಾಗಿ ಮಾಡಿದಾಗ ಇಂತಹ ಕಾರಣ ದೊರೆಯಲಿಲ್ಲವೆಂದೇ, ಚಿರಂಜೀವಿಯೆಂದು ನಿತ್ಯ ಸ್ಮರಿಸುವವನು ರಂಗದ ಮೇಲೆ ಸಾಯುವುದನ್ನು ಓದುಗರು ಒಪ್ಪಿಕೊಳ್ಳಲು ಹಿಂಜರಿದದ್ದು. ಅದರ ಕಾವ್ಯಗುಣ ಬೇರೆಯ ಮಾತು.

ಹ್ಯಾಮ್ಲೆಟ್ ಬಿದನೂರಿಗೆ ಬಂದಾಗ ರಂಗಪ್ರಯೋಗ ಮಾಡುವವರು ಎದುರಿಸಲೇಬೇಕಾದ ಇನ್ನೊಂದು ತೊಡಕು ಇದೆ. ಇದನ್ನು ಯಾರೂ ಅಷ್ಟಾಗಿ ಎತ್ತಿಲ್ಲ. ಮೂಲನಾಟಕ ನಿಂತಿರುವುದೇ ಪ್ರೇತದ ಮೇಲೆ. ಸತ್ತ ರಾಜನು ಶುದ್ಧಿಲೋಕದ ಬೆಂಕಿಯಿಂದ ರಾತ್ರಿ ಹೊರಬಂದು ಮಗನಿಂದ ಸೇಡನ್ನು ಕೇಳುತ್ತಾನೆ. ಲಿಂಗಧಾರಿಯಾದ ಅರಸನಿಗೆ ಮರಣವೆಂದರೆ ಲಿಂಗೈಕ್ಯ. ಅವನ ಪಾಲಿಗೆ ಪ್ರೇತತ್ವವಾಗಲಿ ಸೂತಕವಾಗಲಿ ಇಲ್ಲವೆಂಬುದು ಶರಣಮತದ ನಿಲುವು. ಹಾಗಾದರೆ ಬಿದನೂರಿನ ಕೋಟೆಯ ಮೇಲೆ ಯಾರು ನಡೆದಾಡಬೇಕು? ಇದನ್ನು ಶಾಸ್ತ್ರದ ಅಡ್ಡಿಯೆಂದು ತಳ್ಳಿಹಾಕುವುದಕ್ಕಿಂತ ನಾಟಕದ ಒಳಗಿನ ಬಿಕ್ಕಟ್ಟಾಗಿ ಬಳಸಿಕೊಳ್ಳುವುದು ಮೇಲು. ಕಂಡದ್ದು ತಂದೆಯೋ ತನ್ನ ಮನಸ್ಸಿನ ಕೇಡೋ ಎಂಬ ಸಂಶಯ ಹ್ಯಾಮ್ಲೆಟನಿಗೂ ಇತ್ತು. ಐಕ್ಯನಾದವನು ತಿರುಗಿ ಬರಲಾರನೆಂದು ನಂಬಿದ ಮನೆತನದ ಕುಮಾರನಲ್ಲಿ ಆ ಸಂಶಯ ಇಮ್ಮಡಿಯಾಗುತ್ತದೆ. ತಂದೆಯನ್ನು ನಂಬಿದರೆ ಗುರೂಪದೇಶ ಸುಳ್ಳಾಗುತ್ತದೆ, ಗುರುವನ್ನು ನಂಬಿದರೆ ತಂದೆ ಸುಳ್ಳಾಗುತ್ತಾನೆ. ಒಬ್ಬ ಸಮರ್ಥ ಅರ್ಥಧಾರಿಗೆ ಈ ಎಳೆಯನ್ನು ಕೊಟ್ಟು ನೋಡಿ! ಮೂಲದ ಸ್ವಗತಗಳಿಗೆ ಸರಿಸಾಟಿಯಾದ ಮಾತು ಹುಟ್ಟಲು ಇಂತಹ ಸಂದರ್ಭವಲ್ಲದೆ ಬೇರೇನು ಬೇಕು? ಲಿಖಿತವಾದ ಸಂಭಾಷಣೆಯಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ಸೂಚಿಸಬಹುದು. ಅರ್ಥಗಾರಿಕೆಯಲ್ಲಿ ಇದೊಂದು ರಾತ್ರಿಯ ವಸ್ತು.

ಯಕ್ಷಗಾನವನ್ನು ಷೇಕ್ಸ್‌ಪಿಯರನೊಡನೆ ಜೋಡಿಸಿದ ಅತಿ ಪ್ರಸಿದ್ಧ ಪ್ರಯೋಗ ನಡೆದದ್ದು ಕರಾವಳಿಯಲ್ಲಲ್ಲ, ದೆಹಲಿಯಲ್ಲಿ. ಬಂಟ್ವಾಳ ಸೀಮೆಯ ಮಂಚಿಯವರಾದ ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಮ್ಯಾಕ್‌ಬೆತ್‌ನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ನಿರ್ದೇಶಿಸಿದರು. ಹಿಂದಿ ಅನುವಾದ ಕವಿ ರಘುವೀರ ಸಹಾಯರದು. ಯಕ್ಷಗಾನದ ಹೆಜ್ಜೆ, ಚಲನೆಗಳನ್ನು ಕಾರಂತರು ಅದರಲ್ಲಿ ಅಳವಡಿಸಿದರು. ಮಹತ್ತ್ವಾಕಾಂಕ್ಷೆಯ ಕಾಡಿನಲ್ಲಿ ದಾರಿತಪ್ಪಿದ ವೀರನಿಗೆ ನಮ್ಮ ಬಣ್ಣದ ವೇಷದ ಅಬ್ಬರ ಎಷ್ಟು ಒಪ್ಪುತ್ತದೆಂಬುದನ್ನು ಕಂಡುಕೊಂಡದ್ದು ಅವರ ಪ್ರತಿಭೆ. ರಂಗಸಂಗೀತದಲ್ಲಿ ಅವರಿಗೆ ಎಣೆಯಿಲ್ಲ. ಆದರೆ ಮಾತಿನ ದೃಷ್ಟಿಯಿಂದ ನೋಡಿದರೆ ಆ ಪ್ರಯೋಗದಲ್ಲಿ ಯಕ್ಷಗಾನದ ದೇಹ ಬಂತು, ನಾಲಗೆ ಬರಲಿಲ್ಲ. ಪದ್ಯಕ್ಕೂ ಅರ್ಥಕ್ಕೂ ಇರುವ ಸಂಬಂಧ, ಭಾಗವತನು ಕೊಟ್ಟ ಎಳೆಯನ್ನು ವೇಷಧಾರಿ ನೇಯುವ ಪರಿ, ಇವಕ್ಕೆ ಅಲ್ಲಿ ಎಡೆಯಿರಲಿಲ್ಲ. ಏಕೆಂದರೆ ಮಾತೆಲ್ಲ ಅನುವಾದದ ಸಾಲುಗಳಲ್ಲಿ ಮೊದಲೇ ಕಟ್ಟಿಹೋಗಿತ್ತು. ದೊರೆಯ ಕೊಲೆಯಾದ ರಾತ್ರಿ ಬಾಗಿಲು ಬಡಿಯುವ ಸದ್ದಿಗೆ ಗೊಣಗುತ್ತ ಬರುವ ಕುಡುಕ ದ್ವಾರಪಾಲಕನನ್ನೇ ನೆನೆಯಿರಿ. ಮೂಲದಲ್ಲಿ ಆ ಮಾತು ಲಂಡನ್ನಿನ ಬೀದಿಯ ಮಾತು. ನಮ್ಮಲ್ಲಿ ಅದು ಹಾಸ್ಯಗಾರನ ಭಾಗ. ಕುಂದಗನ್ನಡದಲ್ಲಿ ಅವನು ಅದನ್ನು ಪ್ರತಿರಾತ್ರಿಯೂ ಹೊಸದಾಗಿ ಕಟ್ಟಬಲ್ಲ, ಆ ಊರಿನ ಪಂಚಾಯತಿಯ ಸುದ್ದಿಯನ್ನೂ ಸೇರಿಸಬಲ್ಲ. ದೆಹಲಿಯ ಸಭಾಂಗಣದಲ್ಲಿ ಅದನ್ನು ನಿರೀಕ್ಷಿಸುವುದು ಅನ್ಯಾಯ. ಇಲ್ಲಿ ಯಾರೂ ಮಾಡಿನೋಡದಿರುವುದೇ ನನ್ನ ದೂರು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಪ್ರಯೋಗಗಳನ್ನು ಈ ಸಂದರ್ಭದಲ್ಲಿ ನೆನೆಯದಿದ್ದರೆ ಲೋಪವಾಗುತ್ತದೆ. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಅವರು ಈ ಕಲೆಯ ಇತಿಹಾಸವನ್ನು ಶೋಧಿಸಿದ ಮಹನೀಯರು. ಯಕ್ಷಗಾನವನ್ನು ನೃತ್ಯರೂಪಕವಾಗಿ ಮಾರ್ಪಡಿಸಿ, ಪಿಟೀಲು ಸ್ಯಾಕ್ಸೋಫೋನುಗಳನ್ನು ಸೇರಿಸಿ, ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಕನ್ನಡ ತಿಳಿಯದ ಪ್ರೇಕ್ಷಕರಿಗೂ ಅದು ಎಟುಕಬೇಕೆಂಬ ಉದ್ದೇಶದಿಂದ ಮಾತನ್ನು ತೆಗೆದುಹಾಕಿದರು. ಆ ಉದ್ದೇಶ ಸಾಧಿಸಿತು. ದೇಶವಿದೇಶಗಳಲ್ಲಿ ಬಡಗುತಿಟ್ಟಿನ ರಾಗ, ಬಣ್ಣ, ಕುಣಿತಗಳಿಗೆ ಮನ್ನಣೆ ದೊರೆಯಿತು. ಅರ್ಥಧಾರಿಗಳ ಅತಿಭಾಷಣದಿಂದ ಕಾರಂತರು ಬೇಸತ್ತಿದ್ದುದರಲ್ಲಿ ನ್ಯಾಯವೂ ಇತ್ತು. ರಸಭಂಗ ಮಾಡುವ ಪಾಂಡಿತ್ಯಪ್ರದರ್ಶನವನ್ನು ನಾವೂ ಎಷ್ಟೋ ಕೇಳಿದ್ದೇವೆ. ಆದರೂ ಗಿಡದ ಹುಳವನ್ನು ತೆಗೆಯಲು ಹೋಗಿ ಗಿಡದ ಬೇರನ್ನೇ ಕಿತ್ತಂತಾಯಿತೆಂಬ ಭಾವನೆ ನನ್ನಿಂದ ಹೋಗದು. ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನದವರು ನಡೆಸಿಕೊಂಡು ಬಂದ ಗೊಂಬೆಯಾಟವನ್ನು ನೋಡಿ. ಅಲ್ಲಿ ಕುಣಿಯುವುದು ಮರದ ಗೊಂಬೆ. ಅದಕ್ಕೂ ಮಾತಿಲ್ಲದೆ ಆಟ ಸಾಗದೆಂದು ಅವರು ಬಲ್ಲರು!

ಇನ್ನು ಚಲನಚಿತ್ರಗಳ ವಿಚಾರ. ಶೂದ್ರಕನ ಮೃಚ್ಛಕಟಿಕವು ಕನ್ನಡದಲ್ಲಿ 1941ರಲ್ಲಿಯೇ ‘ವಸಂತಸೇನಾ’ ಎಂಬ ಚಿತ್ರವಾಗಿ ಬಂತು. ಸುಬ್ಬಯ್ಯನಾಯ್ಡು, ಲಕ್ಷ್ಮೀಬಾಯಿ, ಆರ್. ನಾಗೇಂದ್ರರಾಯರಂತಹ ವೃತ್ತಿರಂಗಭೂಮಿಯ ನಟರೇ ಅದರಲ್ಲಿದ್ದರು. 1984ರಲ್ಲಿ ಗಿರೀಶ ಕಾರ್ನಾಡರು ಅದೇ ನಾಟಕವನ್ನು ಹಿಂದಿಯಲ್ಲಿ ‘ಉತ್ಸವ್’ ಎಂದು ಚಿತ್ರಿಸಿದರು. ಮೂಲದ ಕೊನೆಯಲ್ಲಿ ಚಾರುದತ್ತನ ವಧುವಾಗುವ ವಸಂತಸೇನೆ ಅಲ್ಲಿ ಅವನನ್ನು ಅವನ ಹೆಂಡತಿಗೆ ಬಿಟ್ಟು ತನ್ನ ಮನೆಗೆ ಹಿಂದಿರುಗುತ್ತಾಳೆ. ವಾತ್ಸ್ಯಾಯನನೂ ಒಂದು ಪಾತ್ರವಾಗಿ ಬರುತ್ತಾನೆ. ಕಣ್ಣಿಗೆ ಆ ಚಿತ್ರ ಹಬ್ಬವೇ ಸರಿ. ಆದರೆ ಮೃಚ್ಛಕಟಿಕದ ಜೀವಾಳ ಅದರ ಏಳೆಂಟು ಬಗೆಯ ಮಾತುಗಳಲ್ಲಿದೆ. ರಾಜನ ಭಾವಮೈದುನನಾದ ಶಕಾರನು ವಸಂತಸೇನೆಯನ್ನು ಅಟ್ಟಿಕೊಂಡು ಹೋಗುವಾಗ ದ್ರೌಪದಿಯನ್ನು ರಾಮನಿಗೂ ಕುಂತಿಯನ್ನು ರಾವಣನಿಗೂ ಗಂಟುಹಾಕುತ್ತಾನೆ. ಪುರಾಣವನ್ನು ಬಲ್ಲ ಸಭೆಗೆ ಮಾತ್ರ ಇದು ನಗೆ ತರಿಸೀತು. ನಮ್ಮ ಬಯಲಾಟದ ಪ್ರೇಕ್ಷಕರ ಮುಂದೆ ಒಬ್ಬ ಹಾಸ್ಯಗಾರನು ಶಕಾರನಾಗಿ ನಿಂತು ಈ ಮಾತನ್ನಾಡಿದರೆ ಚೌಕಿಯಲ್ಲಿರುವವರೂ ಹೊರಗೆ ಬಂದು ನಗುವರು. ಉಡುಪಿಯ ಬನ್ನಂಜೆ ಗೋವಿಂದಾಚಾರ್ಯರು ಈ ನಾಟಕವನ್ನು ‘ಆವೆಯ ಮಣ್ಣಿನ ಆಟದ ಬಂಡಿ’ ಎಂದು ಕನ್ನಡಿಸಿದಾಗ ಹೆಸರಿನಲ್ಲಿಯೇ ಒಂದು ದಾರಿಯನ್ನು ತೋರಿಸಿದ್ದಾರೆ. ಸಂಸ್ಕೃತದ ಮಹಾಪಂಡಿತರಾದ ಅವರು ಮಗುವಿನ ಕೈಯ ಆಟಿಕೆಗೆ ಮಗುವಿನ ಬಾಯಿಗೆ ಹತ್ತಿರವಾದ ಪದಗಳನ್ನೇ ಹುಡುಕಿದರು. ಚಿನ್ನದ ಬಂಡಿ ಬೇಕೆಂದು ಅಳುವ ರೋಹಸೇನನಿಗಾಗಿ ವಸಂತಸೇನೆ ತನ್ನ ಒಡವೆಗಳನ್ನು ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಆ ಒಡವೆಗಳೇ ನ್ಯಾಯಸಭೆಯಲ್ಲಿ ಚಾರುದತ್ತನ ಕೊರಳಿಗೆ ಬರುತ್ತವೆ. ಕ್ಯಾಮರಾ ಒಡವೆಯ ಹೊಳಪನ್ನು ತೋರಿಸಬಲ್ಲದು. ತನಗಿಲ್ಲದ ತಾಯ್ತನವನ್ನು ಆ ಹೆಣ್ಣು ಒಂದು ಗಳಿಗೆ ಆಡುವ ಎರಡು ಮಾತುಗಳಲ್ಲಿ ನೀಗಿಕೊಳ್ಳುವುದನ್ನು ಕಿವಿಯೇ ಕೇಳಬೇಕು.

ಹಾಗೆಂದು ಚಿತ್ರಮಾಧ್ಯಮ ಮಾತಿಗೆ ಶತ್ರುವೆಂದು ತೀರ್ಮಾನಿಸಬಾರದು. ಜಪಾನಿನ ಕುರೊಸಾವಾ 1957ರಲ್ಲಿ ಮ್ಯಾಕ್‌ಬೆತ್‌ನ್ನು ಚಿತ್ರವಾಗಿ ಮಾಡಿದಾಗ ಷೇಕ್ಸ್‌ಪಿಯರನ ಕಾವ್ಯವನ್ನು ಪೂರ್ತಿಯಾಗಿ ಕೈಬಿಟ್ಟರು. ಅವರ ನಾಡಿನ ನೋ ರಂಗಭೂಮಿಯಲ್ಲಿ ಮೌನಕ್ಕೇ ಒಂದು ವ್ಯಾಕರಣವಿತ್ತು, ಅದು ಕೈಹಿಡಿಯಿತು. ಅವರನ್ನು ನೋಡಿ ನಾವೂ ಮಾತನ್ನು ಬಿಡುವೆವೆಂದರೆ ಅದು ಅವರ ಮನೆಯ ಒಲೆಯಲ್ಲಿ ನಮ್ಮ ಅನ್ನ ಬೇಯಿಸಿದಂತೆ. 2006ರ ‘ಓಂಕಾರಾ’ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ವಿಶಾಲ್ ಭಾರದ್ವಾಜರು ಅದರಲ್ಲಿ ಒಥೆಲೊವನ್ನು ಪಶ್ಚಿಮ ಉತ್ತರಪ್ರದೇಶದ ಒರಟು ಆಡುನುಡಿಗೆ ತಂದರು. ಆ ಚಿತ್ರದ ಬೈಗುಳಗಳು ನನ್ನಂತಹವನಿಗೆ ಸಹ್ಯವಲ್ಲ. ಆದರೆ ಇಯಾಗೊನ ವಿಷ ಅಲ್ಲಿ ಆ ನೆಲದ ನಾಲಗೆಯಿಂದಲೇ ಇಳಿಯುತ್ತದೆಂಬುದನ್ನು ಒಪ್ಪಲೇಬೇಕು. ಬಸವಪ್ಪಶಾಸ್ತ್ರಿಗಳ ಶೂರಸೇನನಿಂದ ಇಲ್ಲಿಗೆ ನೂರಕ್ಕೂ ಹೆಚ್ಚು ವರ್ಷಗಳ ಹಾದಿ.

ನಮ್ಮ ಪುರಾತನರ ಕಥೆಯೊಂದು ರಂಗದಿಂದ ಚಿತ್ರಕ್ಕೆ ಬಂದದ್ದನ್ನೂ ಇಲ್ಲಿ ಹೇಳಬೇಕು. ಗುಬ್ಬಿ ಕಂಪನಿಯ ರಂಗದಲ್ಲಿ ಜನಪ್ರಿಯವಾಗಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಚಿತ್ರವಾಯಿತು. ರಾಜಕುಮಾರರನ್ನು ನಾಡಿಗೆ ನಾಯಕನಟನನ್ನಾಗಿ ಕೊಟ್ಟ ಚಿತ್ರವದು. ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೆ ಚಿತ್ರದಲ್ಲಿ ನಾಯಕ ನಾಯಿಕೆಯರು ದೇವಲೋಕದಿಂದ ಭೂಮಿಗೆ ಇಳಿದು ಬೇಡರಾದವರು. ಹರಿಹರನ ರಗಳೆಯನ್ನು ಓದಿದವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸವೆಂದು ಹೇಳಬೇಕಾಗಿಲ್ಲ. ಅಲ್ಲಿ ಕಣ್ಣಪ್ಪನು ಬೇಡ. ಬೇಡನಾಗಿಯೇ, ಬಾಯಲ್ಲಿ ನೀರು ತಂದು, ಎಂಜಲ ಮಾಂಸವನ್ನಿಟ್ಟು, ಕಣ್ಣನ್ನು ಕಿತ್ತುಕೊಟ್ಟು ಶಿವನನ್ನು ಗೆದ್ದವನು. ಅವನ ಭಕ್ತಿಗೆ ಹಿಂದಿನ ಜನ್ಮದ ದೇವಕುಲದ ಪ್ರಮಾಣಪತ್ರವನ್ನು ಕೊಟ್ಟೊಡನೆ ಕಥೆಯ ಬೆನ್ನೆಲುಬೇ ಮುರಿಯುತ್ತದೆ. ರುದ್ರಾಂಬೆಯ ವಿಷಯದಲ್ಲಿ ಕುವೆಂಪು ಕಾರಣವನ್ನು ಬದಲಿಸಿ ನಾಟಕವನ್ನು ಗಟ್ಟಿಮಾಡಿದರು. ಇಲ್ಲಿ ಕಾರಣವನ್ನು ಬದಲಿಸಿ ಸಡಿಲಮಾಡಿದರು.

ಇಂದಿನ ಸ್ಥಿತಿಯನ್ನು ನೋಡಿದರೆ ಈ ವಿಚಾರ ಕೇವಲ ಪುಸ್ತಕದ ಚರ್ಚೆಯಾಗಿ ಉಳಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅನೇಕ ಮೇಳಗಳು ಕಾಲಮಿತಿಗೆ ಒಳಪಟ್ಟಿವೆ. ನಡುರಾತ್ರಿಗೆ ಮಂಗಳ ಹಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಜನರ ನಿದ್ದೆ, ಮರುದಿನದ ಕೆಲಸ, ಧ್ವನಿವರ್ಧಕದ ನಿಯಮ, ಎಲ್ಲವೂ ನಿಜವಾದ ಕಾರಣಗಳೇ. ಕುಣಿತಕ್ಕೆ ಚಪ್ಪಾಳೆ ಬೇಗ ಬೀಳುತ್ತದೆ, ಅದೂ ಒಂದು ಕಾರಣ. ಹತ್ತು ನಿಮಿಷ ಗಿರಕಿ ಹೊಡೆಯುವ ಅಭಿಮನ್ಯು ಎರಡು ನಿಮಿಷ ಮಾತನಾಡಿ ವ್ಯೂಹವನ್ನು ಹೊಕ್ಕುಬಿಡುತ್ತಾನೆ. ಇನ್ನೊಂದೆಡೆ 2022ರಲ್ಲಿ ‘ಕಾಂತಾರ’ ಚಿತ್ರ ನಮ್ಮ ಸೀಮೆಯ ನುಡಿಯನ್ನು ದೇಶವೆಲ್ಲ ಕೇಳುವಂತೆ ಮಾಡಿತು. ಪರದೆಯ ಮೇಲೆ ಆ ನುಡಿಗೆ ಬೆಲೆ ಬಂದ ಕಾಲದಲ್ಲಿಯೇ ರಂಗಸ್ಥಳದಲ್ಲಿ ಅದಕ್ಕೆ ಸಮಯವಿಲ್ಲವೆನ್ನುತ್ತಿದ್ದೇವೆ.

ನಾಟಕದ ಬಗ್ಗೆ ಆಸಕ್ತಿಗೆ ಈ ಸೀಮೆಯಲ್ಲಿ ಬರವಿಲ್ಲ. ಘಟ್ಟದ ಮೇಲಿನ ಹೆಗ್ಗೋಡಿನಿಂದ 1985ರಲ್ಲಿ ಆರಂಭವಾದ ನೀನಾಸಂ ತಿರುಗಾಟ ಸಂಸ್ಕೃತ, ಇಂಗ್ಲಿಷ್ ನಾಟಕಗಳನ್ನು ಊರೂರಿಗೆ ಹೊತ್ತು ತಂದಿದೆ. ಬೈಂದೂರಿನ ಲಾವಣ್ಯ, ಕುಂದಾಪುರದ ಸಮುದಾಯ, ಬೈಕಾಡಿಯ ಮಂದಾರ ಮೊದಲಾದ ತಂಡಗಳಿವೆ. ಈ ತಂಡಗಳಲ್ಲಿ ಯಾವುದಾದರೊಂದು ಮೇಳದ ಕಲಾವಿದರೊಡನೆ ಕೂಡಿ ರಕ್ತಾಕ್ಷಿಯನ್ನು ಪ್ರಸಂಗವಾಗಿ ಕಟ್ಟಬಾರದೇಕೆ? ಕುವೆಂಪು ಅವರ ಸಂಭಾಷಣೆಯನ್ನು ವೇಷಧಾರಿಯಿಂದ ಬಾಯಿಪಾಠ ಮಾಡಿಸುವುದು ಬೇಡ. ನಾಟಕದ ಸಂಧಿಗಳನ್ನು ಹಿಡಿದು ಪದ್ಯ ರಚಿಸಬಲ್ಲ ಪ್ರಸಂಗಕರ್ತರು ನಮ್ಮಲ್ಲಿದ್ದಾರೆ. ಹಕ್ಕುದಾರರ ಅನುಮತಿ ಪಡೆದು ನೂರೈವತ್ತು ಪದ್ಯಗಳಷ್ಟು ಕಟ್ಟಲಿ. ನಿಂಬಯ್ಯನ ಒಡ್ಡೋಲಗಕ್ಕೆ ಎರಡನೆಯ ವೇಷದವರೊಬ್ಬರು, ರುದ್ರಾಂಬೆಗೆ ಮಾತು ಬಲ್ಲ ಸ್ತ್ರೀವೇಷದವರೊಬ್ಬರು, ಗೋರಿ ತೋಡುವವರ ದೃಶ್ಯಕ್ಕೆ ಸಮನಾದ ಭಾಗವನ್ನು ಹೊಸದಾಗಿ ಸೇರಿಸುವುದಾದರೆ ಇಬ್ಬರು ಹಾಸ್ಯಗಾರರು. ರಾಜಕುಮಾರನಿಗೆ ಹಿರಿಯರೂ ಗಂಭೀರರೂ ಆದ ಅರ್ಥಧಾರಿ ಬೇಕು. ಹುಡುಗನ ಮುಖಕ್ಕಿಂತ ಸಂಶಯವನ್ನು ನುಡಿಯಬಲ್ಲ ಗಂಟಲು ಅಲ್ಲಿ ಮುಖ್ಯ. ಪ್ರೇತವನ್ನು ರಂಗಸ್ಥಳಕ್ಕೆ ತರುವ ಬದಲು ತೆರೆಯ ಹಿಂದಿನಿಂದ ಭಾಗವತನ ಪದ್ಯವೊಂದರಲ್ಲಿಯೇ ಕೇಳಿಸಿದರೆ ಲಿಂಗೈಕ್ಯದ ಪ್ರಶ್ನೆಯೂ ಜೀವಂತವಾಗಿ ಉಳಿಯುತ್ತದೆ, ಉತ್ತರಿಸುವ ಹೊಣೆ ಕುಮಾರನ ಅರ್ಥಕ್ಕೆ ಬೀಳುತ್ತದೆ. ಮೊದಲ ಪ್ರಯೋಗವನ್ನು ಬಸರೂರಿನಲ್ಲಿ ಮಾಡಬಹುದು. ಬಿದನೂರಿಗೆ ಸುಂಕ ಕಳುಹಿಸಿದ ಪೇಟೆಯದು. ಆ ಅರಮನೆಯ ಬಗ್ಗೆ ಕೇಳಲು ಅಲ್ಲಿಯವರಿಗೆ ಹಕ್ಕಿದೆ. ರುದ್ರಾಂಬೆ ರಕ್ತಾಕ್ಷಿಯಾಗುವ ಕಡೆಯ ಪದ್ಯವನ್ನು ಹಾಡಿದ ಮೇಲೆ ಚಂಡೆಯವರು ಕೋಲು ಕೆಳಗಿಟ್ಟು, ಆಕೆಯ ಅರ್ಥ ಮುಗಿಯುವವರೆಗೆ ಕಾಯಲು ಒಪ್ಪಿಕೊಂಡರೆ ಸಾಕು.